ಬೈಯೋಣವೆಂದರೆ ಮಾಲೀಕರು ನಾವೇ

ತಂಡ ಸೋತ ರಾತ್ರಿ ಅಭಿಮಾನಿಗೆ ಸಿಗುವ ಸುಖ ಗೆದ್ದ ಕ್ಯಾಪ್ಟನ್ನಿಗೂ ಸಿಗುವುದಿಲ್ಲ. ಕೋಚ್ ದಡ್ಡ, ಗೋಲ್‌ಕೀಪರಿಗೆ ಕಣ್ಣು ಕಾಣಿಸದು, ಆಡಳಿತ ಮಂಡಳಿಯಂತೂ ಕಳ್ಳರ ಸಂತೆ. ಇಷ್ಟನ್ನೂ ಟಿಕೆಟ್ ದುಡ್ಡಿನಲ್ಲೇ ಬೈದು ಮುಗಿಸಿ, ಮನೆಗೆ ಬಂದು ಗಡದ್ದಾಗಿ ಉಂಡು ಮಲಗಬಹುದು. ನಾನೂ ಆ ಪಂಥದವನೇ. ಸೋಫಾ ಬಿಟ್ಟು ಏಳದೆ ಎಷ್ಟೋ ಕೋಚುಗಳನ್ನು ಕೆಲಸದಿಂದ ತೆಗೆದಿದ್ದೇನೆ. ಇಂಥ ಆಜನ್ಮಸಿದ್ಧ ಹಕ್ಕನ್ನು ತಾವಾಗಿಯೇ ಕಳೆದುಕೊಂಡ ಪುಣ್ಯಾತ್ಮರು ಲಂಡನ್ನಿನ ದಕ್ಷಿಣ ದಿಕ್ಕಿನಲ್ಲಿದ್ದಾರೆ. ಅವರ ಫಜೀತಿ ಸ್ವಲ್ಪ ಕೇಳಿ.

ವಿಂಬಲ್ಡನ್ ಅಂದ ತಕ್ಷಣ ನೀವು ಬಿಳಿ ಅಂಗಿ, ಸ್ಟ್ರಾಬೆರಿ, ಸದ್ದಿಲ್ಲದ ಚಪ್ಪಾಳೆ ಅಂತ ಹೊರಟುಬಿಡುತ್ತೀರಿ. ಅದಲ್ಲ ಸ್ವಾಮಿ. ಅದೇ ಊರಿನಲ್ಲಿ ಒಂದು ಫುಟ್‌ಬಾಲ್ ಕ್ಲಬ್ಬೂ ಇತ್ತು. ಅಲ್ಲಿ ನಾಜೂಕು ಕಡಿಮೆ, ಒದೆತ ಜಾಸ್ತಿ. 1988ರ ಎಫ್.ಎ. ಕಪ್ ಫೈನಲ್‌ನಲ್ಲಿ ಲಿವರ್‌ಪೂಲಿನಂಥ ಲಿವರ್‌ಪೂಲನ್ನೇ 1-0ಯಿಂದ ಮಣಿಸಿದ ಕ್ಲಬ್ಬು ಅದು. ಲಾರಿ ಸ್ಯಾಂಚೆಜ್ ತಲೆಯಿಂದ ಗೋಲು ಹೊಡೆದ, ಡೇವ್ ಬೆಸೆಂಟ್ ಪೆನಾಲ್ಟಿ ತಡೆದ. ಮೂರೇ ವರ್ಷಕ್ಕೆ, 1991ರಲ್ಲಿ, ಪ್ಲೌ ಲೇನಿನ ಸ್ವಂತ ಮೈದಾನ ಬಿಟ್ಟು ಕ್ರಿಸ್ಟಲ್ ಪ್ಯಾಲೇಸ್‌ನವರ ಅಂಗಳದಲ್ಲಿ ಬಾಡಿಗೆಗೆ ಇರಬೇಕಾಯಿತು. ಕೊನೆಗೆ ಮಾಲೀಕರು, ಸುಮಾರು 90 ಕಿಲೋಮೀಟರ್ ದೂರದ ಮಿಲ್ಟನ್ ಕೀನ್ಸ್‌ಗೆ ಕ್ಲಬ್ಬನ್ನೇ ಗಂಟುಮೂಟೆ ಕಟ್ಟಿ ಸಾಗಿಸುತ್ತೇವೆ ಅಂದರು. 2002ರ ಮೇ 28ರಂದು, ಇದನ್ನು ತೀರ್ಮಾನಿಸಲು ಕೂತ ಮೂವರ ಸಮಿತಿ 2-1ರ ಬಹುಮತದಲ್ಲಿ 'ಆಗಲಿ' ಅಂದೂಬಿಟ್ಟಿತು. ಅಭಿಮಾನಿಗಳೇ ಹೊಸ ಕ್ಲಬ್ ಕಟ್ಟಿಕೊಳ್ಳುವುದು ಫುಟ್‌ಬಾಲಿನ ವಿಶಾಲ ಹಿತಕ್ಕೆ ತಕ್ಕದ್ದಲ್ಲ ಎಂದು ವರದಿಯಲ್ಲಿ ಒಂದು ಷರಾ ಬೇರೆ!

ಆ ಷರಾ ಬರೆದವರಿಗೆ ಅಭಿಮಾನಿಯ ಜಾತಿ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ಎರಡೇ ದಿನಕ್ಕೆ ಸಭೆ ಸೇರಿತು. ಕೋರ್ಟಿಗೆ ಹೋಗೋಣವೇ, ಹೋರಾಟ ಮಾಡೋಣವೇ ಎಂಬ ಜಿಜ್ಞಾಸೆಯ ನಡುವೆ ಕ್ರಿಸ್ ಸ್ಟೀವರ್ಟ್ ಎಂಬ ಅಭಿಮಾನಿ ಎದ್ದು ನಿಂತು, ಹೋರಾಡಿ ಸಾಕಾಗಿದೆ, ನನಗೆ ಫುಟ್‌ಬಾಲ್ ನೋಡಬೇಕು ಅಷ್ಟೇ ಎಂಬರ್ಥದ ಮಾತಾಡಿದರು. ಪಾಪ, ಸುಮ್ಮನೆ ಆಟ ನೋಡಬೇಕು ಅಂದವರನ್ನೇ ಹೊಸ ಕ್ಲಬ್ಬಿನ ಅಧ್ಯಕ್ಷರನ್ನಾಗಿ ಕೂರಿಸಲಾಯಿತು. ಮದುವೆ ಊಟಕ್ಕೆ ಎಲೆ ಹಾಕಿಕೊಂಡು ಕೂತವನ ಕೈಗೆ ಸೌಟು ಕೊಟ್ಟ ಹಾಗೆ.

ಹೀಗೆ ಎ.ಎಫ್.ಸಿ. ವಿಂಬಲ್ಡನ್ ಹುಟ್ಟಿತು. ಅಧ್ಯಕ್ಷರಿದ್ದಾರೆ, ಅಭಿಮಾನಿಗಳಿದ್ದಾರೆ, ಆಟಗಾರರು ಮಾತ್ರ ಇಲ್ಲ. ಜೂನ್ ಕೊನೆಗೆ ವಿಂಬಲ್ಡನ್ ಕಾಮನ್ ಎಂಬ ಸಾರ್ವಜನಿಕ ಬಯಲಿನಲ್ಲಿ ಆಯ್ಕೆ ನಡೆಸಿದರೆ 230 ಮಂದಿ ಬೂಟು ಹಿಡಿದು ಹಾಜರು! ಜುಲೈ 10ಕ್ಕೆ ಸಟನ್ ಯುನೈಟೆಡ್ ಎದುರು ಮೊದಲ ಸ್ನೇಹಪಂದ್ಯ. ನೋಡಲು ನಾಲ್ಕು ಸಾವಿರಕ್ಕೂ ಹೆಚ್ಚು ಜನ. ಫಲಿತಾಂಶ 4-0, ಸೋಲು. ಯಾರೂ ಬೈಯಲಿಲ್ಲ. ಬೈಯುವುದು ಯಾರನ್ನು?

ಕ್ಲಬ್ಬಿನ ಬಹುಪಾಲು ಒಡೆತನ ಡಾನ್ಸ್ ಟ್ರಸ್ಟ್ ಎಂಬ ಅಭಿಮಾನಿಗಳ ಸಂಘದ್ದು. ಸದಸ್ಯ ಎಷ್ಟೇ ದುಡ್ಡು ಹಾಕಲಿ, ಮತ ಒಂದೇ. ಇದನ್ನು ಇಂಗ್ಲೆಂಡಿನ ಪತ್ರಿಕೆಗಳು ಅದ್ಭುತ ಅಂತ ಬಣ್ಣಿಸುವಾಗ ನನಗೆ ನಗು. 1905ರಲ್ಲೇ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. ಸರ್ವ ಸದಸ್ಯರ ಸಭೆ ಅಂದರೆ ಏನು ಅಂತ ನಮಗೆ ಹೇಳಿಕೊಡಬೇಕೇ? ಜಮಾ-ಖರ್ಚು ಓದುವಾಗ ತೂಕಡಿಕೆ, 'ಇತರೆ ವಿಷಯ' ಬಂದಾಗ ರಣರಂಗ, ಆಮೇಲೆ ಉಪ್ಪಿಟ್ಟು-ಕೇಸರಿಬಾತು. ಒಂದೇ ವ್ಯತ್ಯಾಸ: ನಮ್ಮ ಸೊಸೈಟಿಯ ಸದಸ್ಯ ಸಾಲ ಸಿಗುವುದೇ ಅಂತ ನೋಡುತ್ತಾನೆ, ಅವರ ಸದಸ್ಯ ಸೆಂಟರ್ ಫಾರ್ವರ್ಡ್ ಸಿಗುವನೇ ಅಂತ.

ಇನ್ನು ಸಂಬಳದ ಮಾತು. ಎರಿಕ್ ಸ್ಯಾಮುಯೆಲ್ಸನ್ ಎಂಬ ಲೆಕ್ಕಪರಿಶೋಧಕರು, ದೊಡ್ಡ ಕಂಪನಿಯಲ್ಲಿ ಪಾಲುದಾರರಾಗಿದ್ದವರು, ಈ ಕ್ಲಬ್ಬಿನ ಮುಖ್ಯಾಧಿಕಾರಿಯಾಗಿ ವರ್ಷಗಟ್ಟಲೆ ದುಡಿದರು. ವಾರ್ಷಿಕ ಸಂಬಳ ಒಂದು ಗಿನಿ. ಅಂದರೆ ಒಂದು ಪೌಂಡಿನ ಮೇಲೆ ಒಂದು ಶಿಲ್ಲಿಂಗ್. ಪೌಂಡ್ ಅನ್ನುವುದಕ್ಕಿಂತ ಗಿನಿ ಅಂದರೆ ಗತ್ತು ಜಾಸ್ತಿ ಎಂಬುದು ಅವರೇ ಕೊಟ್ಟ ಕಾರಣ. ಈಗ ಹೇಳಿ, ವರ್ಷಕ್ಕೆ ಒಂದು ಗಿನಿ ತೆಗೆದುಕೊಳ್ಳುವ ಮನುಷ್ಯನನ್ನು ಸ್ಟ್ಯಾಂಡಿನಲ್ಲಿ ಕೂತು 'ಲೂಟಿಕೋರ' ಅಂತ ಕೂಗಲು ಯಾರಿಗೆ ಬಾಯಿ ಬಂದೀತು?

ಸಾಲದ್ದಕ್ಕೆ ತಂಡ ಗೆಲ್ಲತೊಡಗಿತು. 2003ರ ಫೆಬ್ರುವರಿಯಿಂದ 2004ರ ಡಿಸೆಂಬರಿನವರೆಗೆ 78 ಲೀಗ್ ಪಂದ್ಯಗಳಲ್ಲಿ ಸೋಲೇ ಇಲ್ಲ. ಗೊಣಗಲೆಂದೇ ಹುಟ್ಟಿದ ಹಿರಿಯರು ಆ ಕಾಲವನ್ನು ಹೇಗೆ ಕಳೆದರೋ ದೇವರೇ ಬಲ್ಲ. ಒಂಬತ್ತು ಸೀಸನ್ನಿನಲ್ಲಿ ಐದು ಬಡ್ತಿ. 2011ರಲ್ಲಿ ಲೂಟನ್ ಟೌನ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಫುಟ್‌ಬಾಲ್ ಲೀಗಿಗೇ ವಾಪಸ್.

ಹಾಗಂತ ಅಭಿಮಾನಿಯ ಹಗೆ ಎಲ್ಲಿ ಹೋದೀತು? ಅದು ಕಡತಕ್ಕೆ ಏರಿತು. ಮಿಲ್ಟನ್ ಕೀನ್ಸಿಗೆ ಹೋದ ಹಳೇ ಕ್ಲಬ್ಬು ತನ್ನ ಹೆಸರಿನಲ್ಲಿ 'ಡಾನ್ಸ್' ಅಂತ ಇಟ್ಟುಕೊಂಡಿದೆಯಲ್ಲ, ಆ ಪದವನ್ನು ಅದಕ್ಕೆ ಸೇರಿಸಿ ಕರೆಯಲು ಇವರ ನಾಲಿಗೆ ಏಳುವುದಿಲ್ಲ. 2017ರಲ್ಲಿ ಆ ತಂಡ ಇವರ ಮೈದಾನಕ್ಕೆ ಆಡಲು ಬಂದಾಗ ಸ್ಕೋರ್‌ಬೋರ್ಡಿನಲ್ಲಿ ಬರೀ 'ಮಿಲ್ಟನ್ ಕೀನ್ಸ್' ಅಂತ ಹಾಕಿದರು. ಎದುರಾಳಿಯನ್ನು ಪೂರ್ತಿ ಹೆಸರಿನಿಂದ ಕರೆಯಲಿಲ್ಲವೆಂದು ಲೀಗಿನವರು ಆರೋಪಪಟ್ಟಿ ಕಳಿಸಿದರು. ಓರಗಿತ್ತಿಯರ ಮುನಿಸಿಗೂ ಶಿಸ್ತುಕ್ರಮ ಇದ್ದಿದ್ದರೆ ನಮ್ಮಲ್ಲಿ ಎಷ್ಟು ಫೈಲು ಬೇಕಾಗುತ್ತಿತ್ತೋ!

ಆಮೇಲೆ ಪ್ಲೌ ಲೇನಿಗೇ ಮರಳುವ ಹಟ. ಹಳೆಯ ಮೈದಾನದ ಹತ್ತಿರದಲ್ಲೇ ನಾಯಿಗಳ ಓಟ ನಡೆಯುತ್ತಿದ್ದ ಜಾಗದಲ್ಲಿ ಹೊಸ ಸ್ಟೇಡಿಯಂ. ಹಣ ಕಮ್ಮಿ ಬಿತ್ತು. ಹೊರಗಿನ ಸಾಹುಕಾರರಿಗೆ ಕ್ಲಬ್ಬಿನ ಹಿಡಿತ ಕೊಡುವ ಬದಲು, ಅಭಿಮಾನಿಗಳಿಗೇ ಬಾಂಡ್ ಮಾರಿ 2020ರಲ್ಲಿ ಐವತ್ತು ಲಕ್ಷ ಪೌಂಡಿಗೂ ಹೆಚ್ಚು ಕೂಡಿಹಾಕಿದರು. ನವೆಂಬರ್ 3ಕ್ಕೆ ಡಾನ್‌ಕಾಸ್ಟರ್ ಎದುರು ಮೊದಲ ಪಂದ್ಯ. ಇಪ್ಪತ್ತೊಂಬತ್ತು ವರ್ಷದ ವನವಾಸ ಮುಗಿದು ಊರಿಗೆ ಬಂದಿದ್ದಾರೆ, ಆದರೆ ಕೋವಿಡ್ ನೋಡಿ, ಪ್ರೇಕ್ಷಕರಿಗೆ ಪ್ರವೇಶವಿಲ್ಲ! ದುಡ್ಡು ಕೊಟ್ಟವರು, ಕಟ್ಟಿಸಿದವರು, ಒಡೆಯರು, ಎಲ್ಲರೂ ಮನೆಯಲ್ಲಿ. ಒಳಗೆ ಹೋದದ್ದು ಎದುರಾಳಿ ತಂಡ. 2-2 ಡ್ರಾ.

2024ರ ಸೆಪ್ಟೆಂಬರಿನಲ್ಲಂತೂ ಭಾರೀ ಮಳೆಗೆ ಪಕ್ಕದ ವಾಂಡಲ್ ನದಿ ಉಕ್ಕಿ, ಮೈದಾನದ ಒಂದು ಭಾಗವೇ ಕುಸಿದು ಗುಂಡಿ ಬಿತ್ತು. ಅಪರೂಪಕ್ಕೆ ನ್ಯೂಕಾಸಲಿನಂಥ ದೊಡ್ಡ ತಂಡ ಕಪ್ ಪಂದ್ಯಕ್ಕೆ ಬರುವುದಿತ್ತು. ಅದೂ ಕೈತಪ್ಪಿ ಅವರೂರಿಗೇ ಹೋಯಿತು. ಅಭಿಮಾನಿಗಳು ಮತ್ತೆ ಜೇಬಿಗೆ ಕೈ ಹಾಕಿ ಚಂದಾ ಎತ್ತಿದರು. ಆದರೆ ನನ್ನ ಊಹೆ ಕೇಳುವುದಾದರೆ, ಒಳಗೊಳಗೇ ಅವರಿಗೆ ಸ್ವಲ್ಪ ಹಿತವಾಗಿಯೂ ಇದ್ದಿರಬೇಕು. ಟ್ರಸ್ಟಿನ ಸದಸ್ಯತ್ವ ಇಲ್ಲದ, ಮತ ಹಾಕದ, ಬಾಂಡ್ ಕೊಳ್ಳದ, ಬಾಯಿತುಂಬ ಬೈಯಬಹುದಾದ ಒಂದು ನದಿ ಕೊನೆಗೂ ಸಿಕ್ಕಿತ್ತು.