ಯಾವುದಕ್ಕೂ ಇರಲಿ

ಪ್ರತಿ ವಂಶದಲ್ಲೂ ಒಬ್ಬರು ದಾಖಲೆ ದೊಡ್ಡಪ್ಪ ಇರುತ್ತಾರೆ. ಸಾಮಾನ್ಯವಾಗಿ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ ಶಿರಸ್ತೇದಾರರಾಗಿ ನಿವೃತ್ತರಾದವರು. ಮನೆಯಲ್ಲಿ ಯಾರಿಗೆ ಯಾವ ಕಾಗದ ಬೇಕಾದರೂ ಅವರ ಬೀರುವಿನಿಂದಲೇ ಹೊರಬರಬೇಕು. ಕೇಳಿದ ತಕ್ಷಣ ಕೊಡುವವರಲ್ಲ. "ಯಾತಕ್ಕೆ? ಒರಿಜಿನಲ್ಲಾ, ಜೆರಾಕ್ಸಾ? ಯಾವಾಗ ವಾಪಸ್ ಕೊಡ್ತೀಯ?" ಎಂದು ವಿಚಾರಣೆ ನಡೆಸಿ, ಅರ್ಜಿದಾರ ಅರ್ಹನೆಂದು ಮನವರಿಕೆಯಾದ ಮೇಲಷ್ಟೇ ಬೀಗದಕೈ ತೆಗೆಯುತ್ತಾರೆ. ಟಿಪ್ಪಣಿ ಬರೆಯುವುದೊಂದು ಬಾಕಿ.

ನಮ್ಮ ದಾಖಲೆ ದೊಡ್ಡಪ್ಪ ಈಗ ತುಮಕೂರಿನ ಮನೆ ಬಿಟ್ಟು ಅಮೆರಿಕಕ್ಕೆ ಹೊರಟಿದ್ದಾರೆ. ನೋಡಿಕೊಂಡು ಬರಲು ಅಲ್ಲ, ಇರಲು. ಅಲ್ಲಿಯ ಪ್ರಜೆಯಾಗಿರುವ ಮಗಳು ಅಪ್ಪ ಅಮ್ಮನ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಿ, ಮುಂಬೈ ಕಾನ್ಸುಲೇಟಿನಲ್ಲಿ ಸಂದರ್ಶನವೂ ಆಗಿ, ವೀಸಾ ಕೈಸೇರಿದೆ. ತಲೆಗೆ 23 ಕೆಜಿಯ ಎರಡು ಪೆಟ್ಟಿಗೆ ಎಂದು ವಿಮಾನದವರು ಹೇಳಿದ್ದಾರೆ. ಬೇರೆಯವರಾದರೆ ಚಟ್ನಿಪುಡಿ, ಹಪ್ಪಳ, ಹುರಿಹಿಟ್ಟು ಎಂದು ಲೆಕ್ಕ ಹಾಕುತ್ತಿದ್ದರು. ದೊಡ್ಡಪ್ಪ ಒಂದು ಪೆಟ್ಟಿಗೆಯಲ್ಲಿ ಒರಿಜಿನಲ್ ಜೋಡಿಸಿದರು, ಇನ್ನೊಂದರಲ್ಲಿ ಅವುಗಳ ಜೆರಾಕ್ಸ್. ಈಗ ದೊಡ್ಡಮ್ಮನ ಪೆಟ್ಟಿಗೆಗಳ ಮೇಲೆ ಕಣ್ಣಿಟ್ಟಿದ್ದಾರೆ.

"ತಗೊಂಡು ಹೋಗೋದು, ಇಲ್ಲೇ ಬಿಡೋದು, ಹರಿದು ಹಾಕೋದು ಅಂತ ಮೂರು ಭಾಗ ಮಾಡಿ" ಎಂದು ಮಗಳು ವಿಡಿಯೋ ಕಾಲಿನಲ್ಲಿ ಆದೇಶ ಹೊರಡಿಸಿದಳು. ಅಟ್ಟದಿಂದ ಟ್ರಂಕು ಇಳಿಸುವ ಕೆಲಸ ನನ್ನ ಪಾಲಿಗೆ ಬಂತು. ಸಂಜೆಯಾದರೂ ಮೂರನೆಯ ಭಾಗದಲ್ಲಿದ್ದದ್ದು ಯಾವುದೋ ಸೀರೆ ಅಂಗಡಿಯ ಆಷಾಢದ ಕರಪತ್ರ ಒಂದೇ. ಅದನ್ನೂ ಹಿಂಬದಿ ಖಾಲಿ ಇದೆ ಎಂದು ವಾಪಸ್ ತೆಗೆದುಕೊಂಡರು.

ಮೊದಲು ಸಿಕ್ಕಿದ್ದು ರೇಡಿಯೋ ಲೈಸೆನ್ಸ್. ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ವರ್ಷವರ್ಷ ಹಣ ಕಟ್ಟಬೇಕಾಗಿದ್ದ ಕಾಲದ ಪುಟ್ಟ ಪುಸ್ತಕ. ಪುಟಪುಟಕ್ಕೂ ಮೊಹರು, ಅಂಚಿಗೆ ಗೆದ್ದಲು ತಿಂದ ಗುರುತು. ಆ ಪದ್ಧತಿ 1980ರ ದಶಕದಲ್ಲೇ ಹೋಯಿತು. ರೇಡಿಯೋ ಎಂದೋ ಹಳೇ ಸಾಮಾನಿನವನ ಪಾಲಾಯಿತು.

"ಇದು ಯಾಕೆ ದೊಡ್ಡಪ್ಪ? ಅಮೆರಿಕದಲ್ಲಿ ಯಾರು ಕೇಳ್ತಾರೆ?"

"ಕೇಳಲ್ಲ. ಯಾವುದಕ್ಕೂ ಇರಲಿ."

ಆಮೇಲೆ ಕರೆಂಟಿನ ಡಿಪಾಸಿಟ್ ಕಟ್ಟಿದ ರಸೀದಿ. ಕಟ್ಟಿಸಿಕೊಂಡ ಕೆಇಬಿ 1999ರಲ್ಲಿ ಕೆಪಿಟಿಸಿಎಲ್ ಆಯಿತು, 2002ರಲ್ಲಿ ಬೆಸ್ಕಾಂ ಬಂತು. ಕೊಟ್ಟವರೇ ಹೆಸರು ಬದಲಿಸಿಕೊಂಡರೂ ರಸೀದಿ ಮಾತ್ರ ಗಟ್ಟಿಯಾಗಿದೆ. ಪಹಣಿಯದಂತೂ ಇನ್ನೂ ಸ್ವಾರಸ್ಯ. 'ಭೂಮಿ' ಯೋಜನೆಯಲ್ಲಿ ಪಹಣಿಗಳೆಲ್ಲ ಕಂಪ್ಯೂಟರಿಗೆ ಏರಿದಾಗ, ಕೈಬರಹದ್ದು ಇನ್ನು ನಡೆಯುವುದಿಲ್ಲ ಎಂದು ರೈತರಿಗೆ ಕಿಟಕಿಯಿಂದ ಹೇಳಿ ಹೇಳಿ ಗಂಟಲು ಹರಿದುಕೊಂಡವರೇ ಇವರು. ತಮ್ಮ ಜಮೀನಿನ ಕೈಬರಹದ ಪಹಣಿಯನ್ನು ಮಾತ್ರ ಪ್ಲಾಸ್ಟಿಕ್ ಹೊದಿಸಿ ಇಟ್ಟಿದ್ದಾರೆ.

ಪೆನ್ಷನ್ ಫೈಲಿನಲ್ಲಿ ವರ್ಷವರ್ಷ ನವೆಂಬರಿನಲ್ಲಿ ಕೊಟ್ಟ ಜೀವಿತ ಪ್ರಮಾಣಪತ್ರಗಳ ಪ್ರತಿಗಳು ಕ್ರಮವಾಗಿ ಕೂತಿದ್ದವು. ದೊಡ್ಡಮ್ಮ ಒಂದನ್ನು ಎಳೆದು ನೋಡಿ, "2014ರಲ್ಲಿ ನೀವು ಬದುಕಿದ್ರಿ ಅಂತ ಈಗ ಯಾರಿಗೆ ತೋರಿಸ್ಬೇಕು?" ಎಂದರು. ದೊಡ್ಡಪ್ಪ ಉತ್ತರ ಕೊಡದೆ ಅದನ್ನು 2013 ಮತ್ತು 2015ರ ನಡುವೆ ಮತ್ತೆ ಸೇರಿಸಿದರು.

ನಗಬಹುದು. ಆದರೆ ಇಂಥವರನ್ನು ಪೂರ್ತಿ ನಗೆಪಾಟಲು ಮಾಡಲು ನನಗೆ ಧೈರ್ಯವಿಲ್ಲ. ಮೇಜಿನ ಆಚೆ ಬದಿಯಲ್ಲಿ ಕೂತು ಜನ್ಮವಿಡೀ 'ಒರಿಜಿನಲ್ ತನ್ನಿ' ಎಂದವರಿಗೆ ಆ ಮಾತಿನ ಪೆಟ್ಟು ಎಷ್ಟೆಂದು ಗೊತ್ತಿರುತ್ತದೆ. ಅಮೆರಿಕದ ಪೌರತ್ವ ಸಿಕ್ಕ ಮೇಲೆ ಮಗಳು ತನ್ನ ರದ್ದಾದ ಭಾರತದ ಪಾಸ್‌ಪೋರ್ಟನ್ನು ಕಸಕ್ಕೆ ಹಾಕಲು ಹೊರಟಿದ್ದಳಂತೆ. ಇವರು ಇಲ್ಲಿಂದಲೇ ಫೋನಿನಲ್ಲಿ ಕೂಗಾಡಿ ನಿಲ್ಲಿಸಿದರು. ಓಸಿಐ ಕಾರ್ಡಿಗೆ ಅರ್ಜಿ ಹಾಕುವಾಗ, ನೀನು ಒಂದು ಕಾಲಕ್ಕೆ ಭಾರತೀಯಳಾಗಿದ್ದೆ ಎನ್ನುವುದಕ್ಕೆ ಪುರಾವೆ ತೋರಿಸು ಎಂದಾಗ ಅದೇ ಕೈ ಹಿಡಿಯಿತು. ಆಮೇಲೆ ಆರು ತಿಂಗಳು ಈ ಮನೆಯಲ್ಲಿ ಬೇರೆ ಮಾತಿರಲಿಲ್ಲ.

ಇಷ್ಟೆಲ್ಲ ಕೂಡಿಟ್ಟವರ ಹತ್ತಿರ ಇಲ್ಲದ ಕಾಗದವೂ ಇತ್ತು, ತಾವು ಹುಟ್ಟಿದ್ದರದ್ದು. ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ದೊಡ್ಡಪ್ಪ ತಿಪಟೂರಿನ ಕಡೆಯ ಹಳ್ಳಿಯಲ್ಲಿ ಅದಕ್ಕೂ ಬಹಳ ಮೊದಲೇ, ಯಾರಿಗೂ ಅರ್ಜಿ ಕೊಡದೆ ಹುಟ್ಟಿಬಿಟ್ಟಿದ್ದರು. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರು, ಆ ಕಾಲದ ಅರ್ಧ ಕರ್ನಾಟಕಕ್ಕೆ ಬರೆದಂತೆ, ಇವರಿಗೂ ಜೂನ್ 1 ಎಂದು ಬರೆದರು. ಈಗ ವೀಸಾಕ್ಕೆ, ಜನನ ನೋಂದಣಿಯಾಗಿಲ್ಲ ಎಂಬ ಪ್ರಮಾಣಪತ್ರವೂ, ಹುಟ್ಟಿದ್ದನ್ನು ಬಲ್ಲ ಹಿರಿಯರ ಅಫಿಡವಿಟ್ಟೂ ಬೇಕಾಯಿತು. ಮೊದಲನೆಯದು ಕೈಗೆ ಬಂದ ದಿನ ದೊಡ್ಡಪ್ಪನ ಸಂತೋಷ ನೋಡಬೇಕಿತ್ತು. "ಇಲ್ಲ ಅನ್ನೋದಕ್ಕೂ ಒಂದು ಕಾಗದ ಕೊಡ್ತಾರೆ ನೋಡು!"

ಎರಡನೆಯದಕ್ಕೆ ಅವರ ಅಕ್ಕನನ್ನು, ಅಂದರೆ ನಮ್ಮ ಅತ್ತೆಯನ್ನು, ಊರಿನಿಂದ ಕಾರಿನಲ್ಲಿ ಕರೆತಂದು ನೋಟರಿಯ ಮುಂದೆ ಕೂರಿಸಿದ್ದಾಯಿತು. ನೋಟರಿ ಓದಿ ಹೇಳುತ್ತಿದ್ದಂತೆ ಅತ್ತೆ ಕೈ ಅಡ್ಡ ಹಿಡಿದರು. "ಎಲ್ಲಿಯ ಜೂನು? ಇವನು ಹುಟ್ಟಿದ್ದು ರಾಗಿ ಕುಯ್ಲಲ್ಲಿ. ಅವ್ವ ಹೊಲದಿಂದ ಎದ್ದುಬಿದ್ದು ಮನೆಗೆ ಬಂದಿದ್ದು ನನಗೆ ಗೊತ್ತಿಲ್ವಾ?"

"ಅಜ್ಜಿ, ಮಾರ್ಕ್ಸ್ ಕಾರ್ಡಿನಲ್ಲಿ ಜೂನ್ ಇದೆ. ಅದೇ ಹೇಳಿಬಿಡಿ."

"ಜೂನು ಅಂದ್ರೆ ಬಿತ್ತನೆ ಕಾಲ ಕಣಪ್ಪ. ಆಗ ಹೆರೋಕೆ ಯಾರಿಗೆ ಪುರಸೊತ್ತು?"

ಕೊನೆಗೆ ಅತ್ತೆ ಹೆಬ್ಬೆಟ್ಟು ಒತ್ತಿದ್ದು ತಮ್ಮನ ಮುಖ ನೋಡಿ ಮರುಕಪಟ್ಟೇ ಹೊರತು ಜೂನಿನ ಮೇಲೆ ನಂಬಿಕೆ ಹುಟ್ಟಿ ಅಲ್ಲ.

ಅದಕ್ಕಿಂತ ದೊಡ್ಡ ಪೇಚು ಮದುವೆಯದು. ಅಮೆರಿಕದ ನಿಯಮದಂತೆ ಮಗಳು ತಾಯಿಗೆ ಅರ್ಜಿ ಹಾಕಿದರೆ ಮಗಳ ಜನನ ಪತ್ರ ಸಾಕು, ತಂದೆಗೆ ಹಾಕಿದರೆ ಅಪ್ಪ ಅಮ್ಮನ ಮದುವೆಯ ಪ್ರಮಾಣಪತ್ರವೂ ಬೇಕು. ಇದು ತಿಳಿದದ್ದೇ ತಡ, ದೊಡ್ಡಮ್ಮ "ನಾನು ಮುಂದೆ ಹೋಗಿರ್ತೀನಿ, ನೀವು ನಿಧಾನವಾಗಿ ದಾಖಲೆ ಜೋಡಿಸ್ಕೊಂಡು ಬನ್ನಿ" ಎಂದರು. ಇವರ ಮದುವೆಯಾದದ್ದು 1978ರಲ್ಲಿ. ಆಗ ಹಳ್ಳಿಯಲ್ಲಿ ತಾಳಿ ಕಟ್ಟಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಓಡಿದವರು ಯಾರು? ಈಗ ನೋಂದಾಯಿಸಲು ಹೋದರೆ ಲಗ್ನಪತ್ರಿಕೆ ತನ್ನಿ ಎಂದರು. ವಾಲಗದವರಿಗೆ ಕೊಟ್ಟ ಮುಂಗಡದ ಚೀಟಿ ದೊಡ್ಡಪ್ಪನ ಬೀರುವಿನಲ್ಲಿತ್ತು, ಬಾಳೆಎಲೆಯ ಲೆಕ್ಕವಿತ್ತು, ಲಗ್ನಪತ್ರಿಕೆ ಇರಲಿಲ್ಲ. ಅದು ಸಿಕ್ಕಿದ್ದು ದೊಡ್ಡಮ್ಮನ ಸೀರೆ ಪೆಟ್ಟಿಗೆಯ ತಳದಲ್ಲಿ, ಅರಿಶಿನದ ಕಲೆ ಸಮೇತ. ಎಲ್ಲಿಟ್ಟಿದ್ದೆ, ಯಾವಾಗ ಇಟ್ಟೆ, ನನಗ್ಯಾಕೆ ತಿಳಿಸಲಿಲ್ಲ ಎಂದು ವಿಚಾರಣೆ ನಡೆಸಿದವರಿಗೆ ದೊಡ್ಡಮ್ಮ ಕೊಟ್ಟ ಉತ್ತರ: "ಯಾವುದಕ್ಕೂ ಇರಲಿ ಅಂತ."

ಸ್ಕ್ಯಾನ್ ಮಾಡಿ ಡಿಜಿಲಾಕರಿನಲ್ಲಿ ಇಡಿ, ಒರಿಜಿನಲ್ ಅತ್ಯಗತ್ಯವಿದ್ದಷ್ಟೇ ತನ್ನಿ ಎಂದು ಮಗಳು ಬೇಡಿಕೊಂಡಳು. ದೊಡ್ಡಪ್ಪ ಎಲ್ಲವನ್ನೂ ಸ್ಕ್ಯಾನ್ ಮಾಡಿಸಿ, ಸ್ಕ್ಯಾನಿನದೊಂದು ಪ್ರಿಂಟ್ ತೆಗೆಸಿದರು. ಆ ಪ್ರಿಂಟಿಗೆ ದೃಢೀಕರಣ ಬೇಡವೇ? ಗೆಜೆಟೆಡ್ ಅಧಿಕಾರಿಯ ಹಸಿರು ಶಾಯಿಗೆ ಕಾಯುವುದು ಬೇಡ, ಸ್ವಯಂ ದೃಢೀಕರಣ ಸಾಕು ಎಂದು 2014ರಲ್ಲಿ ಕೇಂದ್ರ ಸರ್ಕಾರ ಹೇಳಿದ್ದನ್ನು ಅವರು ಇಂದಿಗೂ ಮನಸಾರೆ ಒಪ್ಪಿಲ್ಲ. "ನನ್ನ ಕಾಗದ ನಿಜ ಅಂತ ನಾನೇ ಬರ್ಕೊಡೋದಾ? ಮರ್ಯಾದೆ ಬೇಡ್ವಾ?"

ತೂಕದ ಯಂತ್ರದ ಮುಂದೆ ಅವರ ಹಟವೂ ಬಗ್ಗಿತು. ಕ್ರಯಪತ್ರದ ಒರಿಜಿನಲ್ ಬ್ಯಾಂಕ್ ಲಾಕರಿಗೆ ಹೋಯಿತು. ಪಾಸ್‌ಪೋರ್ಟುಗಳು, ಹೊಸದಾಗಿ ಬಂದ ಮದುವೆ ಪ್ರಮಾಣಪತ್ರ, ಅತ್ತೆಯ ಹೆಬ್ಬೆಟ್ಟಿನ ಅಫಿಡವಿಟ್, ಪೆನ್ಷನ್ ಆದೇಶ ಕೈಚೀಲ ಸೇರಿದವು. ಉಳಿದದ್ದೆಲ್ಲ ಒಂದು ಟ್ರಂಕಿನಲ್ಲಿ ನನ್ನ ಮನೆಗೆ ಬಂತು. ಜೊತೆಗೆ ದೊಡ್ಡಪ್ಪನೂ ಬಂದರು, ಕೈಯಲ್ಲಿ ಮೂರು ಪ್ರತಿ ಪಟ್ಟಿ.

"ಮೇಲ್ಕಂಡವುಗಳನ್ನು ಸುಸ್ಥಿತಿಯಲ್ಲಿ ಪಡೆದುಕೊಂಡಿದ್ದೇನೆ ಅಂತ ಸೈನ್ ಹಾಕು. ಒಂದು ನಿನಗೆ, ಒಂದು ನನಗೆ, ಒಂದು ಟ್ರಂಕಿನೊಳಗೆ."

ಹಾಕಿದೆ. ಸುಮ್ಮನಿರಲಾರದೆ ಕೇಳಿಯೂಬಿಟ್ಟೆ: "ಒಳಗೆ ಇಡೋ ಪಟ್ಟಿ ಪಟ್ಟಿಯಲ್ಲೇ ಇಲ್ವಲ್ಲ ದೊಡ್ಡಪ್ಪ?"

ಅವರು ನನ್ನನ್ನು ತುಸು ಮೆಚ್ಚುಗೆಯಿಂದಲೇ ನೋಡಿದರು. ಪೆನ್ನು ತೆಗೆದು ಮೂರೂ ಪ್ರತಿಯ ಕೊನೆಯಲ್ಲಿ 'ಮತ್ತು ಈ ಪಟ್ಟಿ' ಎಂದು ಸೇರಿಸಿ, ತಿದ್ದುಪಡಿಯ ಪಕ್ಕ ಚಿಕ್ಕ ಸಹಿ ಹಾಕಿ, ನನ್ನ ಕೈಯಲ್ಲೂ ಹಾಕಿಸಿದರು.