ಇನ್ವೆಸ್ಟ್‌ಮೆಂಟು ಸ್ವಾಮೀ, ಇನ್ವೆಸ್ಟ್‌ಮೆಂಟು!

ನಿಜ ಹೇಳಿ. ಅಟ್ಟದ ಮೇಲಿರೋ ಆ ಟ್ರಂಕಿನಲ್ಲಿ ಏನಿದೆ ಅಂತ ಮನೆಯವರು ಕೇಳಿದ್ರೆ ಏನಂತೀರಿ? ‘ಅದಾ, ಇನ್ವೆಸ್ಟ್‌ಮೆಂಟು’ ಅಂತೀರಿ ತಾನೆ? (ನಮ್ಮಲ್ಲೇ ಇರ್ಲಿ, ನಾನ್ಯಾರಿಗೂ ಹೇಳಲ್ಲ.)

ಮುಚ್ಚಳ ತೆಗೆದ್ರೆ ಹಳೇ ಸ್ಪೋರ್ಟ್‌ಸ್ಟಾರಿನ ಪೋಸ್ಟರುಗಳು. ಹೊಟ್ಟೆ ಮೇಲೆ ಪಿನ್ನಿನ ತುಕ್ಕು ಹತ್ತಿಸಿಕೊಂಡ ಕಪಿಲ್‌ದೇವ್. ಬಬಲ್‌ಗಮ್ ಜೊತೆ ಬಂದ ಕಾರ್ಡುಗಳು. ಅಡೀಲಿ ಚಿನ್ನಸ್ವಾಮಿ ಸ್ಟೇಡಿಯಮ್ಮಿನ ಅರ್ಧ ಹರಿದ ಟಿಕೆಟ್ಟು, ಅದರ ಬೆನ್ನಿಗೆ ಬಾಲ್‌ಪೆನ್ನಿನ ಗೀಚು. ಇರುವೆ ಇಂಕಿಗೆ ಬಿದ್ದು ಎದ್ದು ಓಡಿದ ಹಾಗಿದೆ. ‘ಇದು ಯಾರ ಆಟೋಗ್ರಾಫ್ ಗೊತ್ತಾ?’ ಅಂತೀರಿ. ಗೊತ್ತಿಲ್ಲ ಸ್ವಾಮಿ. ನಿಮಗೂ ಗೊತ್ತಿಲ್ಲ!

ನಿಮ್ಮ ತಲೆ ಕೆಡಿಸಿದ್ದು ಪೇಪರಿನವರು ಬಿಡಿ. 1952ರಲ್ಲಿ ಅಮೆರಿಕದ ಟಾಪ್ಸ್ ಕಂಪನಿ ಅಚ್ಚು ಹಾಕಿದ ಮಿಕ್ಕಿ ಮ್ಯಾಂಟಲ್‌ನ ಬೇಸ್‌ಬಾಲ್ ಕಾರ್ಡು 2022ರ ಹರಾಜಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹೋಯ್ತು. ಮಾರಿದೋನು ಅದನ್ನ 1991ರಲ್ಲಿ 50 ಸಾವಿರ ಡಾಲರಿಗೆ ಕೊಂಡಿದ್ದ. ಅಂದ್ರೆ 252 ಪಟ್ಟು. (ಆಗಲೇ ಮೊಬೈಲ್ ತೆಗೆದು ಲೆಕ್ಕ ಹಾಕಿ ನೋಡಿದ್ರಲ್ವಾ? ಗೊತ್ತು ಬಿಡಿ.)

ಆದ್ರೆ ಅದಕ್ಕೆ ಆ ರೇಟು ಯಾಕೆ ಬಂತು ಅಂತ ಓದಿದ್ರಾ? ಇಲ್ಲ, ರೇಟು ನೋಡಿ ಪುಟ ಮಗುಚಿದ್ರಿ. ಆ ಕಾರ್ಡುಗಳನ್ನ ಆಗ ಕೇಳೋರೇ ಇರಲಿಲ್ಲ. ಗೋಡೌನಲ್ಲಿ ಜಾಗ ಸಾಲದೆ 1960ರಲ್ಲಿ ಕಟ್ಟುಗಟ್ಟಲೆ ಒಯ್ದು ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದು ಬಂದ್ವಿ ಅಂತ ಕಂಪನಿಯ ಸೈ ಬರ್ಗರ್ ಅನ್ನೋರೇ ಹೇಳಿಕೊಂಡಿದ್ರು. ಮನೆಗಳಲ್ಲಿ ಉಳಿದಿದ್ದನ್ನ ಅಮ್ಮಂದಿರು ಕಸಕ್ಕೆ ಹಾಕಿದ್ರು. (ಅಮ್ಮಂದಿರು ಎಲ್ಲಿ ಹೋದ್ರೂ ಒಂದೇ ಕಣ್ರೀ.) ಯಾರೂ ಜೋಪಾನ ಮಾಡಲಿಲ್ಲ, ಅದಕ್ಕೇ ಅದು ಚಿನ್ನ ಆಯ್ತು.

ಇದು ಗೊತ್ತಾದ ಮೇಲೆ ಅಲ್ಲಿನವರು ಏನು ಮಾಡಿದ್ರು ಗೊತ್ತಾ? ಎಂಬತ್ತರ ದಶಕದ ಕೊನೇಲಿ ಊರಿಗೂರೇ ಕಾರ್ಡು ಕೊಂಡು ಡಬ್ಬಿಗಟ್ಟಲೆ ಕೂಡಿಟ್ರು, ಮಕ್ಕಳ ಕಾಲೇಜು ಫೀಸಿಗಾಗುತ್ತೆ ಅಂತ. ಕಂಪನಿಗಳೂ ಬಿಡದೆ ಅಚ್ಚು ಹಾಕಿದ್ವು. ಇವತ್ತು ಆ ಕಾಲದ ಮಾಲಿಗೆ ‘ಜಂಕ್ ವ್ಯಾಕ್ಸ್’ ಅಂತ ಹೆಸರು, ಹೆಚ್ಚಿನದಕ್ಕೆ ಕಾಸಿನ ಬೆಲೆ ಇಲ್ಲ. ಈಗ ಹೇಳಿ, ನಿಮ್ಮ ಬಬಲ್‌ಗಮ್ ಕಾರ್ಡನ್ನ ನಿಮ್ಮ ಕ್ಲಾಸಲ್ಲಿ ಎಷ್ಟು ಜನ ಎತ್ತಿಟ್ಟಿದ್ರು?

ಇನ್ನು ಆ ಇರುವೆ ಸಹಿ. ಅಮೆರಿಕದಲ್ಲಿ ಎಫ್‌ಬಿಐನವರು ‘ಆಪರೇಷನ್ ಬುಲ್‌ಪೆನ್’ ಅಂತ ನಕಲಿ ಆಟೋಗ್ರಾಫಿನ ಗ್ಯಾಂಗುಗಳನ್ನ ಹಿಡಿದಾಗ ಸಿಕ್ಕ ಮಾಲಲ್ಲಿ ಮದರ್ ತೆರೇಸಾ ಸಹಿ ಹಾಕಿದ ಬೇಸ್‌ಬಾಲೂ ಇತ್ತು! ಪುಣ್ಯಾತ್ಗಿತ್ತಿ ಯಾವ ಟೀಮಿಗೆ ಆಡಿದ್ರೋ. ಅದನ್ನೂ ಕೊಳ್ಳೋರು ಇರ್ತಾರೆ ಅಂತ ತಾನೆ ಗೀಚಿದ್ದು? ನೀವು ನಗಬೇಡಿ.

ಕಂಡೀಷನ್ ಮಾತಂತೂ ಎತ್ತೋದೇ ಬೇಡ. ಅಲ್ಲಿ ಭೂತಗನ್ನಡಿ ಹಿಡಿದು ಕಾರ್ಡಿನ ನಾಲ್ಕು ಮೂಲೆ ನೋಡಿ, ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸ್ ಕೊಟ್ಟು, ಪ್ಲಾಸ್ಟಿಕ್ಕಲ್ಲಿ ಸೀಲ್ ಮಾಡ್ತಾರೆ. ಮುಟ್ಟೋ ಹಾಗಿಲ್ಲ, ಮೂಸೋ ಹಾಗಿಲ್ಲ. ನಿಮ್ಮ ಕಪಿಲ್‌ದೇವ್? ಅನ್ನದ ಅಗುಳು ಹಚ್ಚಿ ಬೀರು ಬಾಗಿಲಿಗೆ ಅಂಟಿಸಿ, ಸುಣ್ಣಬಣ್ಣದ ಟೈಮಲ್ಲಿ ಕಿತ್ತಿದ್ದು. ಬಲಗಿವಿ ಇನ್ನೂ ಬೀರುವಿನಲ್ಲೇ ಇದೆ. ನೋಡೋಕೆ ಎಷ್ಟು ಚಂದ, ಮಾರೋಕೆ ಎರಡು ರೂಪಾಯಿ.

ಆಸೆ ಮಾತ್ರ ಯಾರನ್ನೂ ಬಿಡಲ್ಲ ಅನ್ನಿ. 1986ರ ವರ್ಲ್ಡ್‌ಕಪ್ಪಲ್ಲಿ ಮರಡೋನಾ ಕೈಯಲ್ಲಿ ಗೋಲು ಹೊಡೆದ ಮ್ಯಾಚು ಮುಗಿದ ಮೇಲೆ ಅವನ ಶರ್ಟು ಸಿಕ್ಕಿದ್ದು ಇಂಗ್ಲೆಂಡಿನ ಸ್ಟೀವ್ ಹಾಜ್‌ಗೆ. (ಚೆಂಡನ್ನ ತಪ್ಪಾಗಿ ಮೇಲಕ್ಕೆ ಎತ್ತಿ ಮರಡೋನಾ ಕಡೆ ಕಳಿಸಿದ್ದೂ ಇದೇ ಹಾಜ್!) ಇದು ಮಾರೋಕಲ್ಲ ಅಂತಿದ್ದ ಮನುಷ್ಯ, 2022ರಲ್ಲಿ 71 ಲಕ್ಷ ಪೌಂಡಿಗೆ ಕೊಟ್ಟೇಬಿಟ್ಟ. ತಪ್ಪೇನಿಲ್ಲ ಬಿಡಿ, ಮೂವತ್ತೈದು ವರ್ಷ ನಂದು ಅಂತ ಖುಷಿಪಟ್ಟಾಗಿತ್ತಲ್ಲ.

ನೀವು ಕೊಡ್ತೀರಾ? ನಾಳೆ ಬೆಳಿಗ್ಗೆ ಯಾವನೋ ಬಂದು ಆ ಟಿಕೆಟ್ಟಿಗೆ ಐದು ಸಾವಿರ ಅಂದ ಅಂತಿಟ್ಕೊಳ್ಳಿ. ನೀವು ಹತ್ತು ಅಂತೀರಿ. ಅವನು ಹೂಂ ಅಂದ್ರೆ ಎದೆ ಧಸಕ್ ಅನ್ನುತ್ತೆ. ‘ಮನೇಲಿ ಕೇಳಿ ಹೇಳ್ತೀನಿ’ ಅಂತ ಸಾಗಹಾಕ್ತೀರಿ. ಮನೇಲಿ ಕೇಳ್ತೀರಾ? ಉಹುಂ! ಕೇಳಿದ್ರೆ ಅವರು ತಕ್ಷಣ ‘ಕೊಟ್ಟು ಕಳಿಸ್ರೀ’ ಅಂತಾರೆ.

ಅಂದ ಹಾಗೆ, ನಿಮ್ಮ ಹತ್ರ ಜಿ.ಆರ್. ವಿಶ್ವನಾಥ್ ಸ್ಕ್ವೇರ್ ಕಟ್ ಹೊಡೀತಿರೋ ಪೋಸ್ಟರ್ ಏನಾದ್ರೂ ಇದ್ಯಾ? ದುಡ್ಡಿನ ಮಾತಲ್ಲ. ನನ್ನ ಹತ್ರ ಗಾವಸ್ಕರ್ ಎರಡಿದಾನೆ. ಒಬ್ಬನಿಗೆ ಕಿವಿ ಎರಡೂ ನೆಟ್ಟಗಿದೆ, ಅವನನ್ನೇ ಕೊಡ್ತೀನಿ. ಮನೆಯವರು ಮಲಗಿದ ಮೇಲೆ ಬನ್ನಿ.