ಮಡಿಲಲ್ಲೊಂದು ಮೊರ

ಸೊಗಡವರೆ ಬಂತು ಅಂದ್ರೆ ನಮ್ಮ ಚಿನಕುರಳಿ ಕಡೆ ಜಗಲಿಗೆ ಕಳೆ ಬತ್ತದೆ ಕನಕ್ಕ. ಕಾಯಿ ಸುಲಿಯೋದೇನೋ ಒಬ್ಬಳೇ ಮಾಡ್ಕೋಬೋದು. ಸುಲಿದ ಕಾಳ ರಾತ್ರಿ ನೆನೆಹಾಕಿ, ಬೆಳಗ್ಗೆ ಒಂದೊಂದನ್ನೇ ಹಿತುಕೋದಿದೆಯಲ್ಲ, ಅದು ಒಬ್ಬಳ ಕೈಲಾಗೋ ಮಾತಾ? ಸೇರು ಕಾಳಿಗೆ ನಾಲ್ಕು ಜನ ಬೇಕು. ಬೇಕು ಅನ್ನೋದೂ ಅರ್ಧ ಸುಳ್ಳೇ ಬುಡು. ಹಿತುಕಕ್ಕೆ ಇಬ್ಬರು ಸಾಕು, ಇನ್ನಿಬ್ಬರು ಸುದ್ದಿಗೆ.

ಗಂಡಸ್ರನ್ನ ನೋಡು, ಅರಳಿಕಟ್ಟೆ ಮೇಲೆ ಸುಮ್ಮನೆ ಕೂತ್ಕೋತಾರೆ. ಕಬ್ಬಿನ ಬಿಲ್ಲು ಬಂತಾ, ನಾಲೆಗೆ ನೀರು ಬುಟ್ರಾ, ಎಲೆಕ್ಷನ್‌ಗೆ ಯಾರು ನಿಂತ್ಕೋತಾರೆ ಅಂತ ಹೊತ್ತು ಮುಳುಗೋಗಂಟ ಮಾತಾಡಿದ್ರೂ ಕೇಳೋರಿಲ್ಲ. ನಾವು ಬರಿಗೈಲಿ ಕೂತ್ರೆ ಮಾತ್ರ, 'ಇವಳಿಗೆ ಮಾಡಕ್ಕೆ ಬದುಕಿಲ್ವಾ' ಅಂತಾರೆ. ಅದಕ್ಕೇ ಮಡಿಲಲ್ಲೊಂದು ಮೊರ ಮಡಿಕ್ಕೊಂಡಿರೋದು. ಮೊರ ಇದ್ರೆ ಅದು ಹರಟೆ ಅಲ್ಲ, ಕೆಲಸ!

ಮೊರದಂಗೇ ಇನ್ನೊಂದು ನೆಪ ಸಿಕ್ತು. 2000-01ರಲ್ಲಿ ಸ್ತ್ರೀಶಕ್ತಿ ಸಂಘ ಬಂತಲ್ಲ, ವಾರಕ್ಕೊಂದು ದಿನ ಉಳಿತಾಯ ಕಟ್ಟಕ್ಕೆ ಸೇರಿ ಅಂದ್ರು. ಸಾಲ ತಗೊಂಡು ಹಸ ಕಟ್ಟಿದೋರೂ ಅವರೆ, ಇಲ್ಲ ಅನ್ನಲ್ಲ. ಆದ್ರೆ ದುಡ್ಡು ಎಣಿಸೋದು ಹತ್ತು ನಿಮಿಷ, ಮಿಕ್ಕಿದ್ದೆಲ್ಲ ಸೊಸೇರ ಲೆಕ್ಕ.

ಆಮೇಲೆ 2023ರ ಜೂನ್ 11ರಿಂದ ನಮಗೆ ಬಸ್ಸು ಫ್ರೀ ಆಯ್ತು. ಮುಂಚೆ ಮೇಲುಕೋಟೆಗೆ ಹೋದ್ರೆ ವೈರಮುಡಿ ಉತ್ಸವಕ್ಕೆ, ಅದೂ ಮನೆಮಂದಿ ಜೊತೆ, ಮಕ್ಕಳ ಮೂಗು ಒರೆಸ್ತಾ. ಈಗ ಆಧಾರ್ ಕಾರ್ಡು ಸೆರಗಿಗೆ ಗಂಟು ಹಾಕ್ಕೊಂಡ್ರೆ ಆಷಾಢ ಶುಕ್ರವಾರ ಚಾಮುಂಡಿಬೆಟ್ಟ, ಹುಣ್ಣಿಮೆಗೆ ಗಂಜಾಂ ನಿಮಿಷಾಂಬ. ಆ ತಾಯಿ ನಿಮಿಷದಲ್ಲಿ ವರ ಕೊಡ್ತಾಳಂತೆ. ನಾವೂ ನಿಮಿಷದಲ್ಲಿ ಕೈಮುಗಿದು, ಕಾವೇರಿ ಮೆಟ್ಟಿಲ ಮೇಲೆ ಕಾಲು ಇಳಿಬುಟ್ಕೊಂಡು ಚಿತ್ರಾನ್ನದ ಬುತ್ತಿ ಬಿಚ್ಚೋದು. ಹೆಂಗಸ್ರು ದೇವಸ್ಥಾನ ಸುತ್ತಿ ಬಸ್ಸು ತುಂಬುಸ್ತಾರೆ ಅಂತ ಕೆಲವರಿಗೆ ಹೊಟ್ಟೆಕಿಚ್ಚು. ಇಷ್ಟು ವರ್ಷ ಒಲೆ ಸುತ್ತಿದಾಗ ಒಬ್ಬರೂ ಉಸಿರೆತ್ತಲಿಲ್ಲ!

ಬಸ್ಸಲ್ಲಿ ಒಂದೇ ತಕರಾರು ನಂದು. ಸೀಟಿಗೆ ಗುದ್ದಾಡಿ ಕೂತು, ಅತ್ತೆ ಏನಂದ್ಲು, ಸೊಸೆ ಏನಂದ್ಲು ಅಂತ ರುಚಿ ಹತ್ತೋ ಹೊತ್ಗೆ ಇಳಿಯೋ ಪಾಂಡವಪುರ ಬಂದ್ಬುಡ್ತದೆ. ಕಥೆ ಪೂರ್ತಿ ಆಗ್ಬೇಕಂದ್ರೆ ಜಗಲೀನೇ ಸೈ. ಶಿವರಾತ್ರಿ ಹತ್ರ ಬಂತು, ನಿಮ್ಮನೆ ಹುಣಸೆ ಯಾವತ್ತು ಬಡಿಸ್ತೀಯ? ಬೀಜ ಬಿಡಿಸಕ್ಕೆ ಜನ ನಾನು ಕರ್ಕಬತ್ತೀನಿ. ಕುಟ್ಟೋ ಕಲ್ಲು, ಮಧ್ಯೆ ಮಧ್ಯೆ ಕಾಫಿ ಮಾತ್ರ ನಿಂದು.